ಚಿನ್ನಿಯ ಹಣೆಯ ಹಚ್ಚೆ

ಭೋಜನ್ ಕತ್ತಲೆ ಕೋಣೆಯ ಕೆಲಸಕ್ಕೆ ಸೇರಿದ್ದು ಕಾಲು ಮುರಿದುಕೊಂಡ ಮೇಲೆ. ಅದಕ್ಕೆ ಮೊದಲು ಅವನು ಬಿಸಿಲಲ್ಲಿ, ಮಂಜಿನಲ್ಲಿ ಬೆಟ್ಟ ಹತ್ತಿ ಇಳಿಯುತ್ತಿದ್ದ ಮನುಷ್ಯ. ಕೆತ್ತಿ ಕಣಿವೆಯ ಒಂದು ಬಡಗರ ಹಟ್ಟಿಯಲ್ಲಿ ನಾಲ್ವರು ಅಣ್ಣಂದಿರ ಹಿಂದೆ ಹುಟ್ಟಿದವನು. ಅಪ್ಪನ ಆಲೂಗೆಡ್ಡೆ ಹೊಲ ಅಣ್ಣಂದಿರಿಗೇ ಸಾಲದಾದಾಗ ಊಟಿಗೆ ಬಂದು, ಮಹಾಲಿಂಗಂ ಅವರ ಫೋಟೋ ಸ್ಟುಡಿಯೋದಲ್ಲಿ ಸಾಮಾನು ಹೊರುವ ಕೆಲಸ ಹಿಡಿದ. ಮಹಾಲಿಂಗಂ ಕೊಯಮತ್ತೂರಿನ ಕಡೆಯವರು. ದೊರೆಗಳ ಬೇಟೆ, ಎಸ್ಟೇಟಿನ ಗ್ರೂಪ್ ಫೋಟೋ, ಹಟ್ಟಿಗಳ ಮದುವೆ, ಎಲ್ಲಿಗೆ ಕರೆದರೂ ಹೋಗುವವರು. ಅವರು ಮುಂದೆ ಕೊಡೆ ಹಿಡಿದು ನಡೆದರೆ, ಹಿಂದೆ ಭೋಜನ್ ಬೆನ್ನಿಗೆ ಚಿತ್ರ ಹಿಡಿಯುವ ಗಾಜಿನ ಪ್ಲೇಟುಗಳ ಪೆಟ್ಟಿಗೆ ಕಟ್ಟಿಕೊಂಡು, ಹೆಗಲ ಮೇಲೆ ಕ್ಯಾಮರಾದ ಮುಕ್ಕಾಲಿ ಇಟ್ಟುಕೊಂಡು ನಡೆಯುತ್ತಿದ್ದ.

ಒಮ್ಮೆ ಮಸಿನಗುಡಿಯಿಂದ ಬೇಟೆಯ ಚಿತ್ರ ತೆಗೆದು ಹಿಂದಿರುಗುವಾಗ, ಸೀಗೂರು ಘಾಟಿಯಲ್ಲಿ ಅವನು ಜಾರಿಬಿದ್ದ. ಪೆಟ್ಟಿಗೆಯೊಳಗೆ ಗಾಜು ಪುಡಿಯಾದ ಸದ್ದು ಅವನಿಗೇ ಮೊದಲು ಕೇಳಿಸಿತು. ಕಾಲಿನ ನೋವು ಆಮೇಲೆ ಬಂತು. ಮಹಾಲಿಂಗಂ ಓಡಿಬಂದು ಪೆಟ್ಟಿಗೆ ತೆರೆದು ನೋಡಿದರು. ಒಂದು ಪ್ಲೇಟೂ ಉಳಿದಿರಲಿಲ್ಲ. ದಾರಿಯ ಮೇಲೇ ಕುಳಿತು ತಲೆಯ ಮೇಲೆ ಕೈ ಇಟ್ಟುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅವನ ಪಾದ ಎತ್ತ ತಿರುಗಿದೆ ಎಂಬುದು ಕಣ್ಣಿಗೆ ಬಿತ್ತು.

"ಪ್ಲೇಟು ಹಾಳಾಗಲಿ. ಮೊದಲು ನಿನ್ನ ಕಾಲು ನೋಡೋಣ" ಎಂದರು. ಅವರದು ಅರ್ಧ ತಮಿಳು, ಅರ್ಧ ಬಡಗ ಸೇರಿದ ಮಾತು.

ಮೂಳೆ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಇನ್ನು ಭಾರ ಹೊತ್ತು ಬೆಟ್ಟ ಹತ್ತುವುದು ಆಗದ ಮಾತು. ಕೆಲಸ ಬಿಟ್ಟು ಹೋಗುತ್ತೇನೆ ಎಂದು ಹೇಳಲು ಭೋಜನ್ ಸ್ಟುಡಿಯೋಗೆ ಬಂದಾಗ ಮಹಾಲಿಂಗಂ ಒಂದೇ ಪ್ರಶ್ನೆ ಕೇಳಿದರು.

"ನಿಲ್ಲೋಕೆ ಆಗುತ್ತಾ?"

"ನಿಲ್ಲಬಹುದು ಮುದಲಾಳಿ. ನಡೆಯೋದೇ ಕಷ್ಟ."

"ಹಾಗಾದರೆ ಒಳಗೆ ಬಾ."

ಒಳಗೆ ಎಂದರೆ ಕತ್ತಲೆ ಕೋಣೆ. ಕೆಂಪು ದೀಪದ ಮಸುಕಿನಲ್ಲಿ ಮೂರು ತಟ್ಟೆ, ಒಂದು ಬಕೆಟ್ಟು, ಮೂಗಿಗೆ ಹತ್ತುವ ಹೈಪೋ ಮದ್ದಿನ ವಾಸನೆ. ಹೊರಗೆ ಊಟಿಯ ಚಳಿ ಹೇಗಿದೆಯೋ ಒಳಗೂ ಹಾಗೆಯೇ. ಡೆವಲಪರ್ ದ್ರಾವಣ ತಣ್ಣಗಾದರೆ ಚಿತ್ರ ಏಳುವುದಿಲ್ಲವೆಂದು ತಟ್ಟೆಯನ್ನು ಬಿಸಿನೀರಿನಲ್ಲಿ ಇಡಬೇಕು. ಭೋಜನ್ ಇದನ್ನೆಲ್ಲ ಕಲಿತ. ಬಿಳಿ ಕಾಗದದ ಮೇಲೆ ಮೊದಲು ಕಣ್ಣು, ಆಮೇಲೆ ಮೀಸೆ, ಆಮೇಲೆ ಕೋಟಿನ ಗುಂಡಿ ಒಂದೊಂದಾಗಿ ಏಳುವುದನ್ನು ಎಷ್ಟು ವರ್ಷ ನೋಡಿದರೂ ಅವನಿಗೆ ಬೇಸರ ಬರಲಿಲ್ಲ. ಬೆರಳ ತುದಿಗಳು ಕಂದು ಬಣ್ಣಕ್ಕೆ ತಿರುಗಿದವು. ವಾರಕ್ಕೊಮ್ಮೆ ರೈಲಿನಲ್ಲಿ ಕೆತ್ತಿಗೆ ಹೋದಾಗ ಅವನ ಹೆಂಡತಿ ಕೆಂಪಿ, "ಕೈ ತೊಳೆದು ಬಾ" ಎನ್ನುವಳು. "ತೊಳೆದೇ ಬಂದೆ" ಎನ್ನುವನು. ಇಬ್ಬರೂ ನಗುವರು.

ಪೈಕಾರಾ ಕರೆಂಟ್ ಊಟಿಗೆ ಬಂದ ಮೇಲೆ ಮಹಾಲಿಂಗಂ ಒಂದು ಹಳೆಯ ಎನ್ಲಾರ್ಜರ್ ಕೊಂಡರು. ಬಲ್ಬು ಉರಿದರೆ ಅಂಗೈಯಷ್ಟು ಗಾಜಿನ ನೆಗೆಟಿವಿನ ಚಿತ್ರ ಎದುರಿನ ಗೋಡೆಯ ಹಲಗೆಯ ಮೇಲೆ ಕಿಟಕಿಯಷ್ಟು ದೊಡ್ಡದಾಗಿ ಬೀಳುತ್ತಿತ್ತು. ಹಲಗೆಗೆ ಕಾಗದ ಚುಚ್ಚಿ, ಲೆನ್ಸಿನ ಮುಚ್ಚಳ ತೆಗೆದು, ಬೇಕಾದಷ್ಟು ಹೊತ್ತು ಬೆಳಕು ಬಿಟ್ಟು, ಮತ್ತೆ ಮುಚ್ಚಬೇಕು. ಬೆಳಕು ಹೆಚ್ಚಾದರೆ ಮುಖ ಕಪ್ಪಿಡುತ್ತದೆ, ಕಡಿಮೆಯಾದರೆ ಬಿಳಿಚುತ್ತದೆ. ಆ ಬೆಳಕನ್ನು ಅಳೆಯುವುದು ಎರಡರಿಂದ. ಒಂದು, ಲೆನ್ಸಿನ ಕೊರಳಿನ ಬಳೆ. ಅದನ್ನು ತಿರುಗಿಸಿದರೆ ಒಳಗಿನ ತೆಳು ತಗಡಿನ ಎಸಳುಗಳು ಕೂಡಿಕೊಂಡು ಬೆಳಕಿನ ಕಂಡಿ ಕಿರಿದಾಗುತ್ತದೆ. ಎಷ್ಟು ಕಿರಿದಾಯಿತೆಂದು ಹೇಳಲು ಬಳೆಯ ಮೇಲೆ ಅಂಕಿಗಳಿದ್ದವು. ಇನ್ನೊಂದು ಕಾಲ. ಕೆಂಪು ದೀಪದಲ್ಲಿ ಗಡಿಯಾರದ ಮುಳ್ಳು ಕಾಣುವುದಿಲ್ಲ. ಅದಕ್ಕೆ ಮಹಾಲಿಂಗಂ, ಪಿಯಾನೋ ಕಲಿಸುತ್ತಿದ್ದ ದೊರೆಸಾನಿಯೊಬ್ಬಳು ಸೀಮೆಗೆ ಹೋಗುವಾಗ ಹರಾಜಿಗಿಟ್ಟ ತಾಳದ ಪೆಟ್ಟಿಗೆಯನ್ನು ತಂದಿಟ್ಟಿದ್ದರು. ಕೀಲಿ ಕೊಟ್ಟರೆ ಅದರ ಕಡ್ಡಿ ಆ ಕಡೆ ಈ ಕಡೆ ಆಡುತ್ತ ಟಕ್ ಟಕ್ ಎನ್ನುತ್ತಿತ್ತು. ಭೋಜನ್ ಆ ಟಕ್ಕುಗಳನ್ನು ಎಣಿಸಿ ಬೆಳಕು ಬಿಡುತ್ತಿದ್ದ.

ಕೆಲಸ ಕಲಿಸುವಾಗ ಮಹಾಲಿಂಗಂ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಿದ್ದರು. "ಎಮ್ಮ ಜನರ ಮುಖಕ್ಕೆ ಬೆಳಕು ಸ್ವಲ್ಪ ಕಡಿಮೆ ಕೊಡು. ಬೆಳ್ಳಗೆ ಬರಬೇಕು. ಕಪ್ಪಗೆ ಬಂದರೆ ಯಾರೂ ತಗೊಳಲ್ಲ." ಸುಮ್ಮನೆ ಹೇಳಿದ ಮಾತಲ್ಲ. ಕೂನೂರಿನ ಒಂದು ಮದುವೆ ಮನೆಯವರು ಹೆಣ್ಣು ಕಪ್ಪಾಗಿ ಬಂದಿದೆಯೆಂದು ಅಷ್ಟೂ ಚಿತ್ರಗಳನ್ನು ಅವರ ಮೇಜಿನ ಮೇಲೆ ಎಸೆದು ಹೋಗಿದ್ದರು. ಹಾಗಾಗಿ ಭೋಜನ್ ವರ್ಷಗಟ್ಟಲೆ ಎಲ್ಲರನ್ನೂ ಬೆಳ್ಳಗೆ ಮಾಡಿದ. ಎಲ್ಲರೂ ಖುಷಿಯಿಂದಲೇ ಒಯ್ದರು. ತನ್ನ ಕೈ ಬಲ್ಲ ಕೆಲಸ ಎಂಬ ಹೆಮ್ಮೆಯೂ ಅವನಿಗೆ ಇತ್ತು.

ಹಾಲಿ ಎಂಬವಳು ಬಂದದ್ದು ಆ ದಿನಗಳಲ್ಲಿ, ಒಂದು ಸಂತೆಯ ದಿನ. ಮಂಜೂರಿನ ಆಚೆಯ ಹಟ್ಟಿಯ ಹೆಂಗಸು. ಬಿಳಿ ಮುಂಡು ಉಟ್ಟು, ತಲೆಗೆ ಬಿಳಿ ಬಟ್ಟೆ ಕಟ್ಟಿದ್ದಳು. ಬಾಗಿಲಲ್ಲಿ ಚಪ್ಪಲಿ ಬಿಡುವವರಂತೆ ಬಹಳ ಹೊತ್ತು ನಿಂತಳು, ಕಾಲಲ್ಲಿ ಚಪ್ಪಲಿಯೇ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ಅವರ ಹಟ್ಟಿಯ ಮದುವೆಯಲ್ಲಿ ಮಹಾಲಿಂಗಂ ಗ್ರೂಪ್ ಫೋಟೋ ತೆಗೆದಿದ್ದರಂತೆ. ಅದರಲ್ಲಿ ಅವಳ ಮಗಳು ಚಿನ್ನಿ ಎರಡನೇ ಸಾಲಿನಲ್ಲಿ ನಿಂತಿದ್ದಾಳೆ. ಆಮೇಲೆ ಅವಳೂ ಮದುವೆಯಾಗಿ ಒಂದು ಕೂಸು ಹೆತ್ತಳು. ಹೋದ ಮಳೆಗಾಲ ಜ್ವರ ಬಂದು ಚಿನ್ನಿ ತೀರಿಕೊಂಡಳು. ಅವಳದು ಬೇರೆ ಪಟವೇ ಇಲ್ಲ.

"ಆ ಮಂದೆಯಿಂದ ಎನ್ನ ಹೆಣ್ಣ ಮಾತ್ರ ತೆಗೆದು ಕೊಡೋಕೆ ಆಗುತ್ತಾ, ತಮ್ಮ?" ಎಂದು ಕೇಳಿದಳು.

"ಆಗುತ್ತೆ ಅಕ್ಕ. ಬರೋ ಸಂತೆಗೆ ಬಾ" ಎಂದ ಭೋಜನ್.

ಹಳೆಯ ಪ್ಲೇಟು ಸಿಕ್ಕಿತು. ಗುಂಪಿನಲ್ಲಿ ಹುರುಳಿಕಾಳಿನಷ್ಟಿದ್ದ ಮುಖವನ್ನು ಎನ್ಲಾರ್ಜರ್ ಹಿಗ್ಗಿಸಿ ಗೋಡೆಯ ಮೇಲೆ ನಿಲ್ಲಿಸಿತು. ಭೋಜನ್ ಎಂದಿನಂತೆ ಬೆಳಕು ಕಡಿಮೆ ಕೊಟ್ಟು, ಎಂದಿನಂತೆ ಚೊಕ್ಕ ಚಿತ್ರ ತೆಗೆದ. ಅದನ್ನು ದಪ್ಪ ರಟ್ಟಿಗೆ ಅಂಟಿಸಿ, ಮುಂದಿನ ಸಂತೆಗೆ ಹಾಲಿ ಬಂದಾಗ ತಾನೇ ಹೊರಗೆ ತಂದು ಅವಳ ಕೈಗಿಟ್ಟ.

ಹಾಲಿ ನೋಡಿದಳು. ಬಾಗಿಲ ಬೆಳಕಿಗೆ ಒಯ್ದು ನೋಡಿದಳು. ತಿರುಗಿಸಿ ಹಿಂದಿನ ರಟ್ಟನ್ನೂ ನೋಡಿದಳು.

"ಇದು ಆರ?"

"ನಿನ್ನ ಮಗಳು, ಅಕ್ಕ."

"ಇಲ್ಲೆ ತಮ್ಮ. ಇದು ಎನ್ನ ಹೆಣ್ಣಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೇರೆಯವರ ಮೂಟೆ ತನಗೆ ಕೊಟ್ಟಿದ್ದಾರೆ ಎಂದು ಹೇಳುವವಳ ಹಾಗೆ ಹೇಳಿದಳು. "ಎನ್ನ ಚಿನ್ನಿ ಕಪ್ಪು. ಹಣೆ ಮೇಲೆ ಹಚ್ಚೆ ಇತ್ತು. ನಡುವೆ ಒಂದು ಗೀಟು, ಆ ಕಡೆ ಈ ಕಡೆ ಚುಕ್ಕೆ. ಎನಗೆ ಇರೋ ಹಾಗೇ. ಇದರ ಹಣೆ ಖಾಲಿ." ತಲೆಯ ಬಟ್ಟೆ ಮೇಲೆತ್ತಿ ತನ್ನ ಹಣೆಯನ್ನು ತೋರಿಸಿದಳು. ಹಸಿರು ಗೀಟು, ಚುಕ್ಕೆ ಅಲ್ಲಿ ಮಾಸಿ ಕೂತಿದ್ದವು.

"ಪಟದಲ್ಲಿ ಎಲ್ಲರೂ ಒಂಚೂರು ಬೆಳ್ಳಗೇ ಬರೋದು ಅಕ್ಕ. ಚೆಂದ ಕಾಣಲಿ ಅಂತ…"

"ಚೆಂದ ಎನಗೆ ಬೇಡ ತಮ್ಮ. ಅವಳು ಬೇಕು."

ಚಿತ್ರವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು.

ಆ ಶನಿವಾರ ಭೋಜನ್ ಕೆತ್ತಿಗೆ ಹೋದಾಗ ಅವನ ಮುಖ ಸಪ್ಪಗಿತ್ತು. ಕೆಂಪಿ ರಾಗಿ ಹಿಟ್ಟಿನ ಮುದ್ದೆಗೆ ಉದಕವೆಂಬ ಅವರೆಕಾಳಿನ ಸಾರು ಬಡಿಸಿದಳು. ಎರಡು ತುತ್ತು ತಿಂದವನು ಕೈ ನಿಲ್ಲಿಸಿ ಕೂತ. ಏನೆಂದು ಕೇಳಿದಾಗ ಹಾಲಿಯ ಕಥೆ ಹೇಳಿದ. ಹೇಳುತ್ತ ಹೇಳುತ್ತ ಸಿಟ್ಟು ಬಂತು. ಇಷ್ಟು ವರ್ಷದಲ್ಲಿ ಒಬ್ಬರಾದರೂ ತನ್ನ ಕೆಲಸವನ್ನು ಬೇಡವೆಂದು ಬಿಟ್ಟುಹೋದದ್ದಿಲ್ಲ ಎಂದ. ಆಮೇಲೆ ಏನೋ ನೆನಪಾಗಿ, "ನಿನ್ನ ಪಟ ಎಲ್ಲಿ? ನಾ ಮಾಡಿಕೊಟ್ಟದ್ದು?" ಎಂದು ಕೇಳಿದ.

ಎನ್ಲಾರ್ಜರ್ ಬಂದ ವರ್ಷ ಅವನು ಹೆಂಡತಿಯದೊಂದು ಚಿತ್ರ ದೊಡ್ಡದು ಮಾಡಿ ತಂದುಕೊಟ್ಟಿದ್ದ. ಕೆಂಪಿ ಟ್ರಂಕಿನ ತಳದಿಂದ, ಮಡಿಸಿದ ಬಟ್ಟೆಯ ಕೆಳಗಿನಿಂದ ಅದನ್ನು ತೆಗೆದಳು. ದೀಪದ ಹತ್ತಿರ ಹಿಡಿದರೆ ಯಾರೋ ಬಿಳಿಯ ಮುಖದ ಹೆಂಗಸು. ಕೆಂಪಿಯ ಹಣೆಯ ಹಚ್ಚೆಯೂ ಅದರಲ್ಲಿ ಇರಲಿಲ್ಲ.

"ಇದನ್ನ ಗೋಡೆಗೆ ಯಾಕೆ ಹಾಕಲಿಲ್ಲ?"

ಕೆಂಪಿ ಒಲೆಯ ಕೊಳ್ಳಿ ಸರಿಮಾಡಿದಳು. "ನಾ ಹಾಂಗೆ ಇಲ್ಲೆ ಅಲ್ಲವಾ. ನಿನಗೆ ಹಾಂಗೆ ಇರೋ ಹೆಂಡತಿ ಬೇಕಿತ್ತೋ ಏನೋ ಅಂತ ನೆನಸಿದೆ. ದಿನಾ ಯಾಕೆ ನೋಡೋದು ಅಂತ ಒಳಗೆ ಇಟ್ಟೆ."

ಭೋಜನ್ ಪಟವನ್ನು ಕೆಳಗಿಟ್ಟ. ಹಾಗಲ್ಲ, ಅದು ಸ್ಟುಡಿಯೋದ ರೂಢಿ ಎಂದು ಹೇಳಲು ಬಾಯಿ ತೆರೆದ. ರೂಢಿ ಎಂದು ಹೇಳುವುದಕ್ಕೂ ನಾಚಿಕೆಯಾಯಿತು. "ನಾ ಅಂಥದ್ದೆಲ್ಲ ಯಾವತ್ತೂ ನೆನಸಿಲ್ಲೆ ಕೆಂಪಿ" ಎಂದ.

"ಗೊತ್ತಾಯಿತು ಈಗ. ಉಣ್ಣು" ಎಂದಳು ಅವಳು, ಮತ್ತಷ್ಟು ಉದಕ ಸುರಿಯುತ್ತ.

ಸೋಮವಾರ ಬೆಳಿಗ್ಗೆ ಅವನು ಯಾರಿಗೂ ಹೇಳದೆ ಚಿನ್ನಿಯ ಪ್ಲೇಟನ್ನು ಮತ್ತೆ ಎನ್ಲಾರ್ಜರಿಗೆ ಹಾಕಿದ. ಬೆಳಕು ಹೆಚ್ಚು ಕೊಟ್ಟರೆ ಮುಗಿಯಿತು ಎಂದುಕೊಂಡಿದ್ದ. ಹೆಚ್ಚು ಕೊಟ್ಟ. ಮುಖ ಕೆಸರಿನ ಮುದ್ದೆಯಾಯಿತು, ಹಚ್ಚೆ ಅದರೊಳಗೆ ಹೂತುಹೋಯಿತು. ಆಗ ಅವನಿಗೆ ಕಷ್ಟ ಅರ್ಥವಾಯಿತು. ಹಚ್ಚೆಯ ಹಸಿರಿಗೂ ಹಣೆಯ ಬಣ್ಣಕ್ಕೂ ಆ ನೆಗೆಟಿವಿನಲ್ಲಿ ಇದ್ದ ವ್ಯತ್ಯಾಸ ಕೂದಲೆಳೆಯಷ್ಟು. ಬೆಳಕು ಒಂದಿಷ್ಟು ಕಡಿಮೆಯಾದರೆ ಎರಡೂ ಬಿಳಿಯಲ್ಲಿ ಕರಗುತ್ತವೆ. ಒಂದಿಷ್ಟು ಹೆಚ್ಚಾದರೆ ಎರಡೂ ಕಪ್ಪಿನಲ್ಲಿ ಮುಳುಗುತ್ತವೆ.

ಕಾಗದದ ಒಂದು ಉದ್ದ ಪಟ್ಟಿ ಕತ್ತರಿಸಿ ಹಣೆಯ ಮೇಲೆ ಬರುವಂತೆ ಚುಚ್ಚಿದ. ರಟ್ಟಿನಿಂದ ಮರೆಮಾಡಿ, ಕೆಲವು ಟಕ್ಕಿಗೊಮ್ಮೆ ರಟ್ಟನ್ನು ಸರಿಸುತ್ತ ಹೋದ. ಡೆವಲಪರಿನಲ್ಲಿ ಪಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಕಪ್ಪಾಯಿತು. ನಡುವಿನ ಒಂದು ಮೆಟ್ಟಿಲಲ್ಲಿ, ಉಗುರಿನಷ್ಟು ಜಾಗದಲ್ಲಿ, ಗೀಟು ಕಂಡಿತು. ಭೋಜನ್ ಉಸಿರು ಹಿಡಿದು ನೋಡಿದ. ಹೌದು, ಗೀಟು, ಅದರ ಪಕ್ಕ ಒಂದು ಚುಕ್ಕೆ.

ಅಷ್ಟೇ ಟಕ್ಕು ಎಣಿಸಿ, ಬಳೆಯನ್ನು ಅದೇ ಅಂಕಿಗೆ ಇಟ್ಟು, ಪೂರ್ತಿ ಕಾಗದಕ್ಕೆ ಬೆಳಕು ಬಿಟ್ಟ. ಬಿಳಿಚಿ ಬಂತು. ಮತ್ತೊಂದು ಮಾಡಿದ. ಕಪ್ಪಿಟ್ಟಿತು. ಡೆವಲಪರ್ ಬದಲಿಸಿದ, ಬಿಸಿನೀರು ಬದಲಿಸಿದ. ಮೂರನೆಯದು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ತಾನು ಮಾಡುತ್ತಿರುವುದು ಒಂದೇ, ಬರುತ್ತಿರುವುದು ಬೇರೆ ಬೇರೆ. ಅಷ್ಟು ವರ್ಷ ನಂಬಿದ್ದ ತನ್ನ ಕೈಯ ಮೇಲೆ ಅವನಿಗೆ ಅನುಮಾನ ಹುಟ್ಟಿತು. ಎಲ್ಲರನ್ನೂ ಬಿಳಿಯಾಗಿ ತೆಗೆಯುವಾಗ ಈ ಹೆಚ್ಚು ಕಡಿಮೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಅವನ ಕಣ್ಣಿಗೂ ಬಿದ್ದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಹಾಲಿಂಗಂ ಪರದೆ ಸರಿಸಿ ಒಳಗೆ ಬಂದರು. ಬಕೆಟ್ಟಿನಲ್ಲಿ ಕೆಟ್ಟ ಕಾಗದಗಳ ರಾಶಿ ಕಂಡಿತು.

"ಏನಪ್ಪಾ ಇದು? ಕಾಗದದಲ್ಲಿ ಕೈ ತೊಳೀತಿದ್ದೀಯಾ?"

ಭೋಜನ್ ಮುಚ್ಚಿಡಲಿಲ್ಲ. ಹಾಲಿ ಹೇಳಿದ್ದನ್ನು ಹೇಳಿದ. ಕೆಂಪಿ ಹೇಳಿದ್ದನ್ನೂ ಹೇಳಿದ. ಮಹಾಲಿಂಗಂ ಒಂದು ಸ್ಟೂಲು ಎಳೆದುಕೊಂಡು ಗೋಡೆಗೊರಗಿ ಕೂತರು. "ಮಾಡು. ನೋಡ್ತೀನಿ" ಎಂದರು.

ಭೋಜನ್ ಕಂಡಿಯನ್ನು ಪೂರ್ತಿ ತೆರೆದು ಚಿತ್ರವನ್ನು ನಿಚ್ಚಳ ಮಾಡಿದ. ಬಳೆಯನ್ನು ತಿರುಗಿಸಿ ಹನ್ನೊಂದು ಎಂಬ ಅಂಕಿಗೆ ತಂದ. ಕಾಗದ ಚುಚ್ಚಿದ, ಮುಚ್ಚಳ ತೆಗೆದ, ಎಣಿಸಿದ, ಮುಚ್ಚಿದ. ಇನ್ನೊಂದು ಕಾಗದಕ್ಕೆ ಮತ್ತೆ ಮೊದಲಿನಿಂದ ಮಾಡುವಾಗ ಬಳೆ ಹನ್ನೊಂದನ್ನು ದಾಟಿ ಹೋಯಿತು. ಅದನ್ನು ಹಿಂದಕ್ಕೆ ತಂದು ಸರಿಯಾಗಿ ಹನ್ನೊಂದಕ್ಕೆ ನಿಲ್ಲಿಸಿದ.

"ನಿಲ್ಲು" ಎಂದರು ಮಹಾಲಿಂಗಂ. "ಹೋದ ಸಲ ಈ ಕಡೆಯಿಂದ ತಂದೆ. ಈಗ ಆ ಕಡೆಯಿಂದ ತಂದೆ."

"ಯಾವ ಕಡೆಯಿಂದ ತಂದರೂ ಅಂಕಿ ಅದೇ ಅಲ್ಲವಾ ಮುದಲಾಳಿ?"

"ಅದೇ ನೋಡಬೇಕು."

ಲೆನ್ಸನ್ನು ಬಿಚ್ಚಿ ಹೊರಗಿನ ಕೋಣೆಗೆ ತಂದು ಕಿಟಕಿಗೆ ಹಿಡಿದರು. ಅಗಲದ ಕಡೆಯಿಂದ ಹನ್ನೊಂದಕ್ಕೆ ತಂದಾಗ ಕಂಡಿ ಒಂದು ಬಟಾಣಿಯಷ್ಟು ಕಂಡಿತು. ಕಿರಿದಾದ ಕಡೆಯಿಂದ ಅದೇ ಹನ್ನೊಂದಕ್ಕೆ ತಂದಾಗ ಬಟಾಣಿ ಸಣ್ಣದಾಗಿತ್ತು. ಹಳೆಯ ಬಳೆ ಸಡಿಲವಾಗಿತ್ತು. ಬಳೆ ತಿರುಗಿದರೂ ಒಳಗಿನ ಎಸಳುಗಳು ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ಚಲಿಸುತ್ತಿದ್ದವು. ಮಹಾಲಿಂಗಂ ಎರಡು ಮೂರು ಸಲ ತಿರುಗಿಸಿ ನೋಡಿ ನಕ್ಕರು. "ನಾನು ಕೊಂಡ ದಿನದಿಂದ ಈ ಸನಿಯನ್ ಬಳೆ ಎಮ್ಮ ಇಬ್ಬರನ್ನೂ ಆಟ ಆಡಿಸಿದೆ."

ಅಂದಿನಿಂದ ಒಂದು ಕಟ್ಟಳೆ ಆಯಿತು. ಯಾವಾಗಲೂ ಅಗಲದ ಕಡೆಯಿಂದಲೇ ಮುಚ್ಚುತ್ತ ಬರಬೇಕು. ಅಂಕಿ ದಾಟಿಹೋದರೆ ಹಿಂದಕ್ಕೆ ತರಬಾರದು, ಪೂರ್ತಿ ತೆರೆದು ಮತ್ತೆ ಶುರುಮಾಡಬೇಕು.

ಹಾಗೆ ಮಾಡಿದ ಮೇಲೆ ಚಿತ್ರಗಳು ಹತ್ತಿರ ಹತ್ತಿರ ಬಂದವು. ಆದರೂ ಒಂದೇ ಆಗಲಿಲ್ಲ. ಮೊದಲು ಮಾಡಿದ್ದಕ್ಕಿಂತ ಆಮೇಲೆ ಮಾಡಿದ್ದು ತುಸು ಕಪ್ಪಾಗಿತ್ತು. ಭೋಜನ್ ಕೈಕಟ್ಟಿ ನಿಂತು ಯೋಚಿಸುತ್ತಿದ್ದ. ತಾಳದ ಪೆಟ್ಟಿಗೆ ತನ್ನಷ್ಟಕ್ಕೆ ಟಕ್ ಟಕ್ ಎನ್ನುತ್ತಿತ್ತು. ಕೆಲಸದ ಗಡಿಬಿಡಿಯಲ್ಲಿ ಅವನು ಅದನ್ನು ಎಣಿಸಿದ್ದನೇ ಹೊರತು ಸುಮ್ಮನೆ ನಿಂತು ಯಾವತ್ತೂ ಕೇಳಿರಲಿಲ್ಲ. ಈಗ ಕೇಳಿದ. ಗುಡ್ಡ ಹತ್ತಿ ದಣಿದವನ ಹೆಜ್ಜೆಯಂತೆ ಅನ್ನಿಸಿತು.

"ಮುದಲಾಳಿ, ನಿಮ್ಮ ಗಡಿಯಾರ ಕೊಡಿ."

ದೀಪ ಹಾಕಿ ಇಬ್ಬರೂ ಜೇಬಿನ ಗಡಿಯಾರದ ಸೆಕೆಂಡಿನ ಮುಳ್ಳಿಗೆ ಟಕ್ಕುಗಳನ್ನು ಹೋಲಿಸಿ ನೋಡಿದರು. ಕೀಲಿ ಪೂರ್ತಿ ಇದ್ದಾಗ ಟಕ್ಕುಗಳು ಮುಳ್ಳಿನ ಜೊತೆಗೇ ನಡೆದವು. ಕೀಲಿ ಸಡಿಲವಾದಂತೆ ಒಂದೊಂದಾಗಿ ಹಿಂದೆ ಬಿದ್ದವು. ಹಿಂದೆ ಬಿದ್ದ ಪ್ರತಿ ಟಕ್ಕೂ ಚಿನ್ನಿಯ ಮುಖಕ್ಕೆ ಒಂದಿಷ್ಟು ಹೆಚ್ಚು ಬೆಳಕು ಸುರಿದಿತ್ತು. ಅದಕ್ಕೂ ಕಟ್ಟಳೆ ಆಯಿತು: ಪ್ರತಿ ಕಾಗದಕ್ಕೆ ಮೊದಲು ಕೀಲಿ ಪೂರ್ತಿ ಕೊಡಬೇಕು.

ಮರುದಿನ ಬೆಳಿಗ್ಗೆ, ಬಜಾರಿನ ದೀಪಗಳೆಲ್ಲ ಆರಿ ಕರೆಂಟು ಕುಣಿಯದ ಹೊತ್ತಿನಲ್ಲಿ, ಭೋಜನ್ ಮತ್ತೊಂದು ಪಟ್ಟಿ ಮಾಡಿ ಟಕ್ಕುಗಳನ್ನು ಗೊತ್ತುಮಾಡಿಕೊಂಡ. ಕೀಲಿ ಕೊಟ್ಟು, ಕಂಡಿಯನ್ನು ಅಗಲದಿಂದ ಮುಚ್ಚಿ, ಬೆಳಕು ಬಿಟ್ಟ. ಕಾಗದವನ್ನು ತಟ್ಟೆಗೆ ಇಳಿಸಿದಾಗ ಮಹಾಲಿಂಗಂ ಅವನ ಪಕ್ಕದಲ್ಲೇ ಇದ್ದರು. ತಲೆಬಟ್ಟೆಯ ಅಂಚು ಎದ್ದಿತು. ಕಣ್ಣು ಎದ್ದವು. ಒಂದು ಕಣ್ಣು ಕದಡಿತ್ತು, ಫೋಟೋ ತೆಗೆವಾಗ ಹುಡುಗಿ ರೆಪ್ಪೆ ಆಡಿಸಿದ್ದಳು. ಆಮೇಲೆ ಕೆನ್ನೆಯ ಕಪ್ಪು ನಿಧಾನವಾಗಿ ತುಂಬಿಕೊಂಡು, ಅದರ ಮೇಲೆ ಹಣೆಯಲ್ಲಿ ಗೀಟೂ ಚುಕ್ಕೆಗಳೂ ಮೂಡಿ ನಿಂತವು.

"ಈ ಹುಡುಗಿಯನ್ನ ನಾನೇ ಅವತ್ತು ಎರಡನೇ ಸಾಲಿಗೆ ತಳ್ಳಿದ್ದೆ" ಎಂದರು ಮಹಾಲಿಂಗಂ ಮೆಲ್ಲಗೆ. "ಮುಂದೆ ಬಂದು ಬಂದು ನಿಲ್ಲುತ್ತಿದ್ದಳು."

ಹಾಲಿ ಬರುತ್ತಾಳೋ ಇಲ್ಲವೋ ಎಂಬ ಭಯ ಭೋಜನ್‌ಗೆ ಇತ್ತು. ಸಂತೆಯ ದಿನ ಅವಳು ಬೆಳ್ಳುಳ್ಳಿಯ ಮೂಟೆ ಮಾರಿ, ಹಾದಿಯಲ್ಲಿ ಸುಮ್ಮನೆ ಇಣುಕಿದಳು. ಅವನು ಚಿತ್ರವನ್ನು ಅವಳ ಕೈಗೆ ಕೊಟ್ಟ. ಹಾಲಿ ಹೆಬ್ಬೆರಳನ್ನು ಎತ್ತಿ ಚಿತ್ರದ ಹಣೆಯ ಹತ್ತಿರ ತಂದು, ಮುಟ್ಟಿದರೆ ಅಳಿಸಿಹೋದೀತೇನೋ ಎಂಬಂತೆ ಅಲ್ಲೇ ತಡೆದಳು.

"ಮುಟ್ಟು ಅಕ್ಕ. ಹೋಗಲ್ಲ."

ಮುಟ್ಟಿದಳು. "ಇದ ಹಾಕಿಸೋವಾಗ ಎನ್ನ ಕೈ ಕಚ್ಚಿಬಿಟ್ಟಿದ್ದಳು ತಮ್ಮ. ನೋವು ಅಂತ. ರಕ್ತ ಬಂದಿತ್ತು ಎನಗೆ." ಹೇಳುತ್ತ ಅವಳಿಗೆ ನಗು ಬಂತು. ನಗುತ್ತಲೇ ಸ್ಟುಡಿಯೋದ ಬೆಂಚಿನ ಮೇಲೆ ಕುಳಿತು, ತಲೆಯ ಬಟ್ಟೆಯನ್ನು ಮುಖದ ಮೇಲೆ ಎಳೆದುಕೊಂಡು ಅತ್ತಳು. ಮಹಾಲಿಂಗಂ ಹೊರಗೆ ಹೋಗಿ ಚಹಾ ಹೇಳಿ ಬಂದರು. ಅವಳು ಚಹಾ ಕುಡಿದು, ಮೂಗು ಒರೆಸಿಕೊಂಡು, ಚಿತ್ರವನ್ನು ಎದೆಗೆ ಅವಚಿ ಮಂಜೂರಿನ ಬಸ್ಸು ಹತ್ತಿದಳು.

ಇದಾದ ಮೇಲೆ ಸ್ಟುಡಿಯೋದಲ್ಲಿ ಎಲ್ಲವೂ ಬದಲಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮಹಾಲಿಂಗಂ ಬಂದವರನ್ನು ಕೇಳತೊಡಗಿದರು: "ಇದ್ದ ಹಾಗೆ ಮಾಡೋಣವೋ, ಸ್ವಲ್ಪ ಬೆಳ್ಳಗೋ?" ಹೆಚ್ಚಿನವರು ಬೆಳ್ಳಗೆ ಎಂದೇ ಹೇಳಿದರು. ಕೆಲವರು ತಡವರಿಸಿ, ಪಕ್ಕದವರ ಮುಖ ನೋಡಿ, ಇದ್ದ ಹಾಗೆ ಎಂದರು. ಭೋಜನ್ ಎರಡೂ ಬಗೆಯವರಿಗೆ ಅವರವರು ಕೇಳಿದ್ದನ್ನು ಮಾಡಿಕೊಟ್ಟ. ಕೆಂಪಿಯ ಪ್ಲೇಟನ್ನೂ ಹುಡುಕಿ ತೆಗೆದು ಹೊಸ ಚಿತ್ರ ಮಾಡಿ ಒಯ್ದ. ಅವಳು ನೋಡಿ, "ಮೂಗು ಇಷ್ಟು ದಪ್ಪವಾ ಎನಗೆ?" ಎಂದಳು. ಆದರೂ ಗೋಡೆಗೆ ಮೊಳೆ ಹೊಡೆದದ್ದು ಅವಳೇ.

ಒಂದು ವರ್ಷ ಕಳೆದ ಮೇಲೆ ಹಾಲಿ ಮತ್ತೆ ಬಂದಳು. ಈ ಸಲ ಜೊತೆಗೆ ಮುಂಡಿನ ತುದಿ ಹಿಡಿದುಕೊಂಡ ಒಂದು ಪುಟ್ಟ ಹೆಣ್ಣು ಕೂಸು. ಚಿನ್ನಿಯ ಮಗಳು. ಇಷ್ಟು ದಿನ ಹಾಲಿಯ ಹತ್ತಿರ ಬೆಳೆದಿತ್ತು. ಈಗ ಕೂಕಲ್ತೊರೈಯಲ್ಲಿರುವ ಅಪ್ಪನ ಮನೆಯವರು ಕರೆದುಕೊಂಡು ಹೋಗುತ್ತಾರಂತೆ.

"ಪಟ ಬಿಟ್ಟು ಹೋಗಲ್ಲ ಅಂತ ಅಳುತ್ತೆ. ನಾನೂ ಬಿಟ್ಟು ಇರಲಾರೆ. ಇನ್ನೊಂದು ಬೇಕು ತಮ್ಮ. ಆದರೆ ಅದೇ ಹಾಗೆ ಇರಬೇಕು. ಬೇರೆ ಹಾಗೆ ಬಂದರೆ ಕೂಸು ಒಪ್ಪಲ್ಲ."

ಹಳೆಯ ಚಿತ್ರವನ್ನು ಅವಳು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಭೋಜನ್ ಅದನ್ನು ಬಿಚ್ಚಿ ಒಂದು ಸಲ ನೋಡಿ ಅವಳಿಗೇ ಹಿಂತಿರುಗಿಸಿದ. ಕಾಯುತ್ತಿರಿ ಎಂದು ಹೇಳಿ ಒಳಗೆ ಹೋದ. ಕೀಲಿ ಕೊಟ್ಟ. ಕಂಡಿಯನ್ನು ಪೂರ್ತಿ ತೆರೆದು, ಹನ್ನೊಂದಕ್ಕೆ ಮುಚ್ಚುತ್ತ ಬಂದ. ಹೊಸ ಕಟ್ಟಿನ ಕಾಗದ ಹೇಗಿರುತ್ತದೋ ಎಂದು ಪಟ್ಟಿಯೊಂದನ್ನು ಮಾಡಿ ನೋಡಿಕೊಂಡ. ಆಮೇಲೆ ಒಂದೇ ಒಂದು ಕಾಗದ ಚುಚ್ಚಿದ.

ತೊಳೆದು, ಒಣಗಿಸಿ ಹೊರಗೆ ತರುವಷ್ಟರಲ್ಲಿ ಕೂಸು ಬೆಂಚಿನ ಮೇಲೆ ನಿದ್ದೆ ಮಾಡಿ ಎದ್ದಿತ್ತು. ಭೋಜನ್ ಎರಡೂ ಚಿತ್ರಗಳನ್ನು ಬೆಂಚಿನ ಮೇಲೆ ಅಕ್ಕಪಕ್ಕ ಇಟ್ಟ. ಹಾಲಿ ಬಗ್ಗಿ ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು. ಎರಡೂ ಹಣೆಗಳಲ್ಲಿ ಅದೇ ಗೀಟು, ಅವೇ ಚುಕ್ಕೆ. ಎರಡರಲ್ಲೂ ಆ ಒಂದು ಕಣ್ಣು ಅಷ್ಟೇ ಕದಡಿತ್ತು. ಕೂಸು ಒಂದನ್ನು ಎತ್ತಿಕೊಂಡಿತು, ಕೆಳಗಿಟ್ಟಿತು, ಇನ್ನೊಂದನ್ನು ಎತ್ತಿಕೊಂಡಿತು.

"ಇದರಲ್ಲಿ ಎನ್ನದು ಯಾವುದು ಹೆತ್ತೆ?" ಎಂದು ಅಜ್ಜಿಯನ್ನು ಕೇಳಿತು.

ಹಾಲಿ ಭೋಜನ್‌ನ ಮುಖ ನೋಡಿದಳು. ಅವನಿಗೂ ಗೊತ್ತಿರಲಿಲ್ಲ. ಗೊತ್ತಾಗದೆ ಹೋದದ್ದಕ್ಕೆ ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

"ಯಾವುದಾದರೂ ತಗೊ ಕೂಸೇ" ಎಂದ.